ನೆರಳು ಹಿಡಿದು ಭೂಮಿ ಅಳೆದವನು

ಭೂಮಿಗೆ ಒಂದು ಸುತ್ತು ಹಾಕದೆಯೇ
ಅದರ ಸುತ್ತಳತೆ ಹೇಳಬಹುದೇ?

ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ
ಒಬ್ಬಾತ ಹೇಳಿಬಿಟ್ಟ.
ಹೆಸರು ಎರಟೋಸ್ತನೀಸ್.
ಈಜಿಪ್ಟಿನ ಅಲೆಕ್ಸಾಂಡ್ರಿಯ ಗ್ರಂಥಾಲಯದ ಮುಖ್ಯಸ್ಥ.

ಅವನ ಉಪಾಯ ತಿಳಿಯಬೇಕಾದರೆ
ಮೊದಲು ಗೋಡೆ ಗಡಿಯಾರ ನೋಡಿ.
ಗಂಟೆ ಮೂರು.
ಎರಡು ಮುಳ್ಳುಗಳ ನಡುವೆ 90 ಡಿಗ್ರಿ.
ಅದೇ ಕೇಂದ್ರ ಕೋನ.
12ರಿಂದ 3ರವರೆಗೆ ಬಾಗಿದ ಅಂಚಿದೆಯಲ್ಲ,
ಅದು ಕಂಸ.
ಕೋನ ಪೂರ್ತಿ ಸುತ್ತಿನ ಕಾಲುಭಾಗ.
ಹಾಗಾಗಿ ಕಂಸವೂ ಪರಿಧಿಯ ಕಾಲುಭಾಗ.
ಗಡಿಯಾರ ಚಿಕ್ಕದಿರಲಿ, ದೊಡ್ಡದಿರಲಿ,
ಈ ಪಾಲು ಬದಲಾಗುವುದಿಲ್ಲ.

ಈಗ ಈಜಿಪ್ಟಿಗೆ ಬನ್ನಿ.

ವರ್ಷದ ಅತಿ ದೀರ್ಘ ಹಗಲು, ನಡುಮಧ್ಯಾಹ್ನ.
ದಕ್ಷಿಣದ ಸಯೀನ್‌ನಲ್ಲಿ, ಅಂದರೆ ಇಂದಿನ ಆಸ್ವಾನ್‌ನಲ್ಲಿ,
ಸೂರ್ಯ ನೇರ ನೆತ್ತಿಯ ಮೇಲೆ.
ನೆಟ್ಟ ಕೋಲಿಗೆ ನೆರಳೇ ಇಲ್ಲ.
ಅದೇ ಹೊತ್ತು ಅಲೆಕ್ಸಾಂಡ್ರಿಯದಲ್ಲಿ ನೆರಳು ಬಿದ್ದಿತ್ತು.
ಬಿಸಿಲು ಓರೆಯಾಗಿದ್ದ ಕೋನ, ಸುತ್ತಿನ 50ರಲ್ಲಿ ಒಂದು ಪಾಲು.
ನಮ್ಮ ಲೆಕ್ಕದಲ್ಲಿ 7.2 ಡಿಗ್ರಿ.

ಸೂರ್ಯ ಬಹಳ ದೂರದಲ್ಲಿದ್ದಾನೆ.
ಅವನ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿ ಬರುತ್ತವೆ.
ಆದ್ದರಿಂದ ಭೂಮಿಯ ಕೇಂದ್ರದಲ್ಲಿ
ಆ ಎರಡು ಊರುಗಳ ನಡುವಿನ ಕೋನವೂ ಅಷ್ಟೇ.

ಊರಿಂದೂರಿಗೆ ಇರುವ ದೂರವೇ ಕಂಸ.
ಅವನು ಹಿಡಿದ ಲೆಕ್ಕ 5,000 ಸ್ಟೇಡಿಯಾ (ಆ ಕಾಲದ ದೂರದ ಅಳತೆ).
ಅದನ್ನು 50ರಿಂದ ಗುಣಿಸಿದ.
ಭೂಮಿಯ ಸುತ್ತಳತೆ 2,50,000 ಸ್ಟೇಡಿಯಾ!

ಸೂತ್ರ ಇಷ್ಟೇ:
ಕೋನವನ್ನು 360ರಿಂದ ಭಾಗಿಸಿ,
ಪರಿಧಿಯಿಂದ ಗುಣಿಸಿ.
ಕಂಸದ ಉದ್ದ ಸಿಗುತ್ತದೆ.

ಈಗ ನಿಮಗೊಂದು ಲೆಕ್ಕ.
ಪರಿಧಿ 60 ಸೆಂಟಿಮೀಟರ್, ಕೇಂದ್ರ ಕೋನ 120 ಡಿಗ್ರಿ.
ಕಂಸ ಎಷ್ಟುದ್ದ?
ಉತ್ತರವನ್ನು ಕಾಮೆಂಟಿನಲ್ಲಿ ಬರೆಯಿರಿ.