ಹೊಸ ಎಂಜಿನ್ನಿಗೆ ಹಳೆಯ ಕ್ಲಚ್ಚು

ಆರು ಅಥವಾ ಎಂಟು ದಪ್ಪ ಚಕ್ರಗಳ ಮೇಲೆ ಕಾಡುಮೇಡು ಸುತ್ತಿ, ಕೆರೆ ಅಡ್ಡ ಬಂದರೆ ಅದೇ ಚಕ್ರಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ತೇಲಿ ದಾಟುವ ಉಭಯಚರ ವಾಹನಗಳು 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡವು. ಅಲ್ಲಿನ ಆರ್ಗೋ ಈ ವರ್ಗದ ಹೆಸರಾಂತ ಮಾದರಿ. ಹೊಸೂರು ಮತ್ತು ಕೃಷ್ಣಗಿರಿಯ ನಡುವಣ ಸೂಳಗಿರಿಯಲ್ಲಿ ಅಂಥ ವಾಹನ ದಿನನಿತ್ಯ ಕಣ್ಣಿಗೆ ಬೀಳುವಂಥದ್ದಲ್ಲ. ಆದರೆ ಅದರೊಳಗಿನ ಕ್ಲಚ್ಚಿನ ತತ್ತ್ವ ಅಲ್ಲಿನ ಯಾವ ದ್ವಿಚಕ್ರ ಮೆಕ್ಯಾನಿಕ್‌ಗೂ ಅಪರಿಚಿತವಲ್ಲ, ಏಕೆಂದರೆ 1980ರಲ್ಲಿ ಹೊಸೂರಿನಿಂದ ಹೊರಬಂದ ಟಿವಿಎಸ್ 50 ಮೊಪೆಡ್ಡು ಕೈಯಿಂದ ಒತ್ತುವ ಕ್ಲಚ್ಚಿಲ್ಲದೆ ಓಡಿದ್ದು ಇದೇ ತತ್ತ್ವದ ಬಲದಿಂದ, ಮತ್ತು ಇಂದಿನ ಗೇರಿಲ್ಲದ ಸ್ಕೂಟರುಗಳು ಅದಕ್ಕೆ ಬೆಲ್ಟನ್ನೂ ಪುಲ್ಲಿಯನ್ನೂ ಸೇರಿಸಿಕೊಂಡಿವೆ.

ಆ ತತ್ತ್ವ ಕೇಂದ್ರಾಪಗಾಮಿ ಬಲದ್ದು, ಅಂದರೆ ತಿರುಗುವ ವಸ್ತು ನಡುವಿನಿಂದ ಹೊರಕ್ಕೆ ಸಿಡಿಯಲು ಹವಣಿಸುವುದರದು. ಉಭಯಚರ ವಾಹನದಲ್ಲಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುದಿಗೆ ಎರಡು ಹೋಳುಗಳ ಪುಲ್ಲಿಯೊಂದನ್ನು ಕೂರಿಸಿರುತ್ತಾರೆ. ಎಂಜಿನ್ ನಿಧಾನವಾಗಿ ತಿರುಗುವಾಗ ಸ್ಪ್ರಿಂಗು ಈ ಹೋಳುಗಳನ್ನು ದೂರವಿಡುವುದರಿಂದ ನಡುವಿನ ಬೆಲ್ಟು ಸುಮ್ಮನೆ ಕುಳಿತಿರುತ್ತದೆ, ವೇಗ ಹೆಚ್ಚಿದಂತೆ ಒಳಗಿನ ತೂಕದ ಬಿಲ್ಲೆಗಳು ಹೊರಕ್ಕೆ ಚಾಚಿ ಹೋಳುಗಳನ್ನು ಹತ್ತಿರ ತಂದು ಬೆಲ್ಟನ್ನು ಹಿಡಿದು ಮೇಲೇರಿಸುತ್ತವೆ. ಗೇರ್‌ಬಾಕ್ಸಿನ ಕಡೆಯ ಪುಲ್ಲಿ ಇದಕ್ಕೆ ವಿರುದ್ಧವಾಗಿ ಅಗಲಗೊಳ್ಳುವುದರಿಂದ, ಹಲ್ಲುಗಳ ಗೇರು ಬದಲಿಸದೆಯೇ ವೇಗದ ಅನುಪಾತ ಬದಲಾಗುತ್ತ ಹೋಗುತ್ತದೆ. ಸ್ಕೂಟರಿನಲ್ಲಿ ಹಿಡಿದು ಬಿಡುವ ಕೆಲಸವನ್ನು ಹಿಂಬದಿಯ ಬೇರೆ ಕ್ಲಚ್ಚು ಮಾಡಿದರೆ, ಇಲ್ಲಿ ಆ ಕೆಲಸವೂ ಮುಂದಿನ ಪುಲ್ಲಿಯದೇ. ನೆದರ್‌ಲ್ಯಾಂಡ್ಸಿನ ಡಾಫ್ ಕಂಪನಿ 1958ರಲ್ಲಿ ಇಂಥ ಬೆಲ್ಟಿನ ಏರ್ಪಾಡನ್ನು ಕಾರಿನಲ್ಲೇ ಅಳವಡಿಸಿತ್ತು.

ಹಳೆಯ ಉಭಯಚರಗಳಲ್ಲಿ ಹಲವಕ್ಕೆ ಎರಡು ಸ್ಟ್ರೋಕಿನ ಎಂಜಿನ್ನುಗಳಿದ್ದವು. ಅವು ಕೆಟ್ಟು ಬಿಡಿಭಾಗ ಸಿಗದಾದಾಗ ಪಂಪು ಮತ್ತು ಜನರೇಟರುಗಳಲ್ಲಿ ಬಳಕೆಯಾಗುವ ಮಾದರಿಯ ನಾಲ್ಕು ಸ್ಟ್ರೋಕಿನ ಎಂಜಿನ್ ಕೂರಿಸುವುದು ಸಹಜ ಆಯ್ಕೆ. ಶಕ್ತಿ ಸಮನಾಗಿದ್ದರೆ ಸಾಕೆಂಬ ನಂಬಿಕೆಯೂ ಅಷ್ಟೇ ಸಹಜ, ಆದರೆ ಅದು ಅರ್ಧ ಸತ್ಯ. ಎರಡು ಸ್ಟ್ರೋಕಿನದು ನಿಮಿಷಕ್ಕೆ 6000 ಸುತ್ತಿನಲ್ಲಿ ಪೂರ್ಣ ಶಕ್ತಿ ಕೊಡುತ್ತಿತ್ತು, ಹೊಸದು 3600ರಲ್ಲಿ ಕೊಡುತ್ತದೆ ಎಂದುಕೊಳ್ಳೋಣ. ಕೇಂದ್ರಾಪಗಾಮಿ ಬಲ ವೇಗದ ವರ್ಗಕ್ಕೆ ಅನುಗುಣವಾದುದರಿಂದ, 0.6 ಪಟ್ಟಿಗೆ ಇಳಿದ ವೇಗದಲ್ಲಿ ಅದೇ ಬಿಲ್ಲೆಗಳು ಬೆಲ್ಟನ್ನು ಹಿಂಡುವ ಬಲ 0.36 ಪಟ್ಟಿಗೆ, ಅಂದರೆ ಮೂರನೇ ಒಂದಕ್ಕಿಂತ ತುಸು ಹೆಚ್ಚಿಗೆ ಕುಸಿಯುತ್ತದೆ. ಇನ್ನೊಂದು ಕಡೆ, 15 ಕಿಲೋವ್ಯಾಟ್ ಶಕ್ತಿಗೆ 6000 ಸುತ್ತಿನಲ್ಲಿ ತಿರುಚುಬಲ, ಅಂದರೆ ಟಾರ್ಕು, ಸುಮಾರು 24 ನ್ಯೂಟನ್ ಮೀಟರ್ ಇದ್ದರೆ 3600ರಲ್ಲಿ 40ಕ್ಕೆ ಏರುತ್ತದೆ. ಹಿಡಿತ ಕಡಿಮೆಯಾಗಿ ಹೊರೆ ಹೆಚ್ಚಾದ ಮೇಲೆ ಬೆಲ್ಟು ಜಾರಿ, ಬಿಸಿಯೇರಿ, ಕರಕಲು ವಾಸನೆ ಹೊರಟರೆ ಅದು ಬೆಲ್ಟಿನ ತಪ್ಪಲ್ಲ. ಭಾರವಾದ ಬಿಲ್ಲೆಗಳನ್ನೂ ಮೃದುವಾದ ಸ್ಪ್ರಿಂಗನ್ನೂ ಹಾಕಿದ, ಹೊಸ ಎಂಜಿನ್ನಿನ ವೇಗಕ್ಕೆ ತಕ್ಕ ಕ್ಲಚ್ಚೇ ಇದಕ್ಕೆ ಮದ್ದು. ಬೆಲ್ಟನ್ನು ಮತ್ತೆ ಮತ್ತೆ ಬದಲಿಸುತ್ತ ಹೋಗುವುದು ದುಡ್ಡು ಕಳೆಯುವ ದಾರಿಯಷ್ಟೇ.

ಜೋಡಿಸುವ ಕೆಲಸದಲ್ಲಿ ಶಾಫ್ಟಿನ ತುದಿಯೇ ಮೊದಲ ತೊಡಕು. ಎರಡು ಸ್ಟ್ರೋಕಿನದು ಸಾಮಾನ್ಯವಾಗಿ ತುದಿಯತ್ತ ಸಣ್ಣಗಾಗುವ ಶಂಕುವಿನ ಆಕಾರದಲ್ಲಿರುತ್ತದೆ, ಪಂಪು ಮಾದರಿಯದು ಹೆಚ್ಚಾಗಿ 25.4 ಮಿಲಿಮೀಟರ್ ವ್ಯಾಸದ ನೇರ ಶಾಫ್ಟಾಗಿದ್ದು ಪುಲ್ಲಿ ತಿರುಗದಂತೆ ತಡೆಯುವ ಕೀಲಿಗೆ ತೋಡನ್ನು ಹೊಂದಿರುತ್ತದೆ, ಆದ್ದರಿಂದ ಒಂದರ ಕ್ಲಚ್ಚು ಇನ್ನೊಂದಕ್ಕೆ ಕೂರುವುದೇ ಇಲ್ಲ. ಶಂಕುವಿನ ತುದಿಯ ಕ್ಲಚ್ಚನ್ನು ಕಳಚಲು ಅದರದೇ ಪುಲ್ಲರ್ ಬೋಲ್ಟು ಬೇಕು. ಸುತ್ತಿಗೆಯ ಒಂದೇ ಏಟಿಗೆ ಕ್ರ್ಯಾಂಕ್‌ಶಾಫ್ಟು ಸೊಟ್ಟಗಾಗಬಹುದು. ಬಳಿಕ ಎರಡು ಪುಲ್ಲಿಗಳ ಮುಖಕ್ಕೆ ನೇರವಾದ ಕಬ್ಬಿಣದ ಪಟ್ಟಿ ಹಿಡಿದು, ತಯಾರಕರು ಹೇಳಿದ ಅಂತರಕ್ಕೆ ಎಂಜಿನ್ನನ್ನು ಸರಿಸಿ ನಿಲ್ಲಿಸಬೇಕಾಗುತ್ತದೆ. ಪುಲ್ಲಿಗಳ ನಡುದೂರ ಕಡಿಮೆಯಾದರೆ ಬೆಲ್ಟು ಸಡಿಲಾಗಿ, ಹೊರಡುವಾಗ ಸಿಗಬೇಕಾದ ಅತಿ ಕಡಿಮೆ ಅನುಪಾತ ಕೈತಪ್ಪುತ್ತದೆ. ಹೆಚ್ಚಾದರೆ ಬೆಲ್ಟು ಬಿಗಿದು, ನಿಂತಲ್ಲೇ ಎಂಜಿನ್ ಓಡುವಾಗಲೂ ವಾಹನ ಮುಂದಕ್ಕೆ ತೆವಳುತ್ತದೆ. ಆಕ್ಸಿಲರೇಟರು ಕೊಟ್ಟಾಗ ಬೆಲ್ಟಿನ ಎಳೆತಕ್ಕೆ ಎಂಜಿನ್ನೇ ಗೇರ್‌ಬಾಕ್ಸಿನತ್ತ ವಾಲುವುದರಿಂದ ರಬ್ಬರು ಬುಷ್ಷುಗಳ ಜೊತೆಗೆ ಒಂದು ಅಡ್ಡ ಆಧಾರವನ್ನೂ ಕೊಡುವುದು ಲೇಸು.

ನೀರಿನ ಲೆಕ್ಕವೂ ಉಂಟು. ಹೊಸ ಎಂಜಿನ್ 20 ಕಿಲೋ ಹೆಚ್ಚು ತೂಗಿದರೆ ವಾಹನ 20 ಲೀಟರು ಹೆಚ್ಚು ನೀರನ್ನು ಸರಿಸಬೇಕು; ನೀರಿನ ಮಟ್ಟದಲ್ಲಿ ಒಡಲು 3 ಚದರ ಮೀಟರಿನಷ್ಟಿದ್ದರೆ ಅದು ಕೆಳಗಿಳಿಯುವುದು 7 ಮಿಲಿಮೀಟರಿಗಿಂತ ಕಡಿಮೆ. ಈ ಇಳಿತ ನಗಣ್ಯ, ಭಾರ ಒಂದು ಮಗ್ಗುಲಿಗೆ ಬಿದ್ದರೆ ಬರುವ ವಾಲುವಿಕೆ ಹಾಗಲ್ಲ. ಒಡಲು ಮುಚ್ಚಿರುವುದರಿಂದ ಗಾಳಿಯಿಂದ ತಣಿಯುವ ಎಂಜಿನ್ನಿಗೆ ತಂಪು ಗಾಳಿ ಒಳಬರಲೂ ಬಿಸಿ ಗಾಳಿ ಹೊರಹೋಗಲೂ ಬೇರೆ ಬೇರೆ ದಾರಿ ಬಿಡಬೇಕು, ಆ ದಾರಿಯಲ್ಲಿ ನೀರು ಎರಚಿ ಬೆಲ್ಟು ಒದ್ದೆಯಾಗದಂತೆಯೂ ನೋಡಿಕೊಳ್ಳಬೇಕು. ಒದ್ದೆ ಬೆಲ್ಟು ಪುಲ್ಲಿಯ ಮೇಲೆ ಜಾರಿದರೆ ಚಕ್ರ ತಿರುಗದು, ಚಕ್ರ ತಿರುಗದಿದ್ದರೆ ಕೆರೆಯ ನಡುವೆ ವಾಹನವನ್ನು ಮುಂದೊಯ್ಯುವ ಬೇರೆ ಸಾಧನವಿರುವುದಿಲ್ಲವಾದ್ದರಿಂದ, ಹಲವರು ಒಂದು ಹುಟ್ಟನ್ನೂ ಜೊತೆಗಿಟ್ಟುಕೊಳ್ಳುತ್ತಾರೆ.