ಸಾಲಿನಲ್ಲಿ ಮುಂದೆ ಯಾರು? – ಅಂತರಜಾಲದ ತಟಸ್ಥತೆಯ ವಿಚಾರ

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ತಾಲೂಕಿನಲ್ಲಿ ಹಿಲ್ಲೂರು ಎಂಬ ಗ್ರಾಮವುಂಟು. ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ಸಂಜೆಯ ಹೊತ್ತು ತನ್ನ ಮೊಬೈಲಿನಲ್ಲಿ ಎರಡು ಪಾಠಗಳನ್ನು ನೋಡಬಯಸುವಳೆಂದು ಭಾವಿಸೋಣ. ಒಂದು, ಕೋಟ್ಯಂತರ ರೂಪಾಯಿ ಬಂಡವಾಳದ ಕಂಪನಿಯೊಂದು ಸಿದ್ಧಪಡಿಸಿದ ಪಾಠ. ಇನ್ನೊಂದು, ಕಾರವಾರದ ಅಧ್ಯಾಪಕರೊಬ್ಬರು ತಮ್ಮ ಮನೆಯಲ್ಲಿಯೇ ಚಿತ್ರಿಸಿ ಅಂತರಜಾಲದಲ್ಲಿರಿಸಿದ ಕನ್ನಡ ಪಾಠ. ಎರಡೂ ಅವಳನ್ನು ತಲುಪುವುದು ಒಂದೇ ಗೋಪುರದ ಮೂಲಕ. ಅದಕ್ಕಾಗಿ ಅವಳು ತಿಂಗಳ ಹಣವನ್ನು ಮೊದಲೇ ತೆತ್ತಿದ್ದಾಳೆ. ಹೀಗಿರುವಾಗ ಮೊದಲನೆಯ ಪಾಠ ಸರಾಗವಾಗಿ ಹರಿದು ಬಂದು ಎರಡನೆಯದು ಹೆಜ್ಜೆಹೆಜ್ಜೆಗೂ ನಿಂತು ನಿಂತು ಬಂದರೆ, ಅಥವಾ ಮೊದಲನೆಯದು ಉಚಿತವಾಗಿದ್ದು ಎರಡನೆಯದಕ್ಕೆ ಮಾತ್ರ ದುಡ್ಡು ಕಡಿತವಾದರೆ, ಅದು ನ್ಯಾಯವೆ? ದಾರಿಯನ್ನು ಒದಗಿಸಿದ ಕಂಪನಿಗೆ ಅಂತಹ ಭೇದವನ್ನು ಮಾಡುವ ಅಧಿಕಾರವಿರಬೇಕೆ?

ಇರಕೂಡದು ಎಂಬ ತತ್ತ್ವಕ್ಕೆ ‘ಜಾಲ ತಟಸ್ಥತೆ’ ಎಂದು ಹೆಸರು. ‘ನೆಟ್ ನ್ಯೂಟ್ರಾಲಿಟಿ’ ಎಂಬ ಇಂಗ್ಲಿಷ್ ಹೆಸರು ಬಳಕೆಗೆ ಬಂದುದು ಟಿಮ್ ವು ಎಂಬ ಕಾನೂನು ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಈ ತತ್ತ್ವವನ್ನು ಅಮೆರಿಕ ದೇಶವು 2015ರಲ್ಲಿ ನಿಯಮವಾಗಿ ಅಂಗೀಕರಿಸಿ, 2017ರಲ್ಲಿ ರದ್ದುಗೊಳಿಸಿ, 2024ರಲ್ಲಿ ಮರಳಿ ತಂದು, 2025ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಮತ್ತೆ ಕಳೆದುಕೊಂಡಿತು. ನಮ್ಮ ದೇಶದಲ್ಲಿ ಇದೇ ವಾದವು 2015ರಲ್ಲಿ ಎದ್ದು ಬೇರೊಂದು ರೀತಿಯಲ್ಲಿ ಮುಗಿಯಿತು. ವಾದದ ಎರಡು ಪಕ್ಷಗಳನ್ನೂ ತೂಗಿ ನೋಡಬೇಕಾದರೆ, ಜಾಲವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ತಿಳಿಯುವುದು ಅವಶ್ಯ.

ಪೊಟ್ಟಣಗಳ ಪ್ರಯಾಣ

ಚಿತ್ರವಾಗಲಿ ಪತ್ರವಾಗಲಿ ಧ್ವನಿಯಾಗಲಿ ಜಾಲದಲ್ಲಿ ಇಡಿಯಾಗಿ ಸಾಗುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳನ್ನಾಗಿ ಒಡೆಯುತ್ತಾರೆ. ಒಂದೊಂದು ಪೊಟ್ಟಣದಲ್ಲಿಯೂ ಹೆಚ್ಚೆಂದರೆ 1500 ಬೈಟುಗಳಷ್ಟು, ಎಂದರೆ 12,000 ಬಿಟ್ಟುಗಳಷ್ಟು ಮಾಹಿತಿ ಇರುವುದು ವಾಡಿಕೆ. ಪೊಟ್ಟಣದ ತಲೆಯ ಮೇಲೆ ಕಳುಹಿಸಿದವರ ಮತ್ತು ಪಡೆಯುವವರ ವಿಳಾಸಗಳು ಅಂಕೆಗಳ ರೂಪದಲ್ಲಿರುತ್ತವೆ. ದಾರಿಯ ಕವಲುಗಳಲ್ಲಿ ‘ರೌಟರ್’ ಎಂಬ ಯಂತ್ರಗಳು ವಿಳಾಸವನ್ನು ಓದಿ ಪೊಟ್ಟಣವನ್ನು ಮುಂದಕ್ಕೆ ತಳ್ಳುತ್ತವೆ.

ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ವೇಗದಿಂದ ಚಲಿಸುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗವಾದ ಮಿಲಿಸೆಕೆಂಡಿನಲ್ಲಿ ಅದು ಕ್ರಮಿಸುವ ದೂರ 200 ಕಿಲೋಮೀಟರು. ಆದುದರಿಂದ ಮುಂಬಯಿಯಿಂದ ಅಂಕೋಲೆಯವರೆಗೆ ಬರಲು ಪೊಟ್ಟಣಕ್ಕೆ ಮೂರು ನಾಲ್ಕು ಮಿಲಿಸೆಕೆಂಡು ಸಾಕು. ಹಾಗಾದರೆ ನಮ್ಮ ಮೊಬೈಲಿನ ತೆರೆಯ ಮೇಲೆ ಚಕ್ರವು ಸುತ್ತುತ್ತ ನಿಲ್ಲುವುದೇಕೆ? ಕಾರಣ, ದೂರವಲ್ಲ, ಸಾಲು. ಒಂದು ಕವಲಿಗೆ ಪೊಟ್ಟಣಗಳು ಬಂದು ಸೇರುವ ವೇಗವು ಅಲ್ಲಿಂದ ಹೊರಡುವ ವೇಗವನ್ನು ಮೀರಿದಾಗ ಅವು ರೌಟರಿನ ನೆನಪಿನಲ್ಲಿ ಸಾಲುಗಟ್ಟಿ ಕಾಯಬೇಕಾಗುತ್ತದೆ. ಸಾಲು ತೀರ ಬೆಳೆದರೆ ಕೆಲವು ಪೊಟ್ಟಣಗಳನ್ನು ಚೆಲ್ಲಿಬಿಡುವುದೂ ಉಂಟು. ಅವನ್ನು ಮತ್ತೆ ಕಳುಹಿಸಬೇಕು.

ನದಿ ದಾಟಿಸುವ ತಾರಿದೋಣಿಯನ್ನು ನೆನೆದುಕೊಂಡರೆ ಇದು ಸ್ಪಷ್ಟವಾಗುವುದು. ದೋಣಿಯಲ್ಲಿ ಹಿಡಿಯುವ ಜನ ಇಷ್ಟೇ, ಅದು ದಾಟುವ ವೇಳೆ ಇಷ್ಟೇ. ಬಂದವರು ಬಂದ ಕ್ರಮದಲ್ಲಿ ಹತ್ತಿದರೆ ಯಾರಿಗೂ ದೂರಿಲ್ಲ. ಅಂಬಿಗನು ಒಬ್ಬರಿಂದ ಹೆಚ್ಚು ಹಣ ಪಡೆದು ಅವರನ್ನು ಮೊದಲು ಹತ್ತಿಸಿಕೊಂಡರೆ ದೋಣಿ ದೊಡ್ಡದಾಗುವುದಿಲ್ಲ. ದಡದಲ್ಲಿ ನಿಂತ ಇನ್ನೊಬ್ಬರು ಅಷ್ಟು ಹೆಚ್ಚು ಕಾಯುತ್ತಾರೆ.

ಕಾಯುವಿಕೆಯ ಲೆಕ್ಕ

ಇದು ಬರಿಯ ಉಪಮಾನವಲ್ಲ, ಗಣಿತದಿಂದ ಸಿದ್ಧವಾದ ಮಾತು. ಸೆಕೆಂಡಿಗೆ 1 ಕೋಟಿ 20 ಲಕ್ಷ ಬಿಟ್ಟುಗಳನ್ನು ಸಾಗಿಸುವ ಒಂದು ತಂತಿ ಇದೆಯೆನ್ನೋಣ. 12,000 ಬಿಟ್ಟುಗಳ ಒಂದು ಪೊಟ್ಟಣವನ್ನು ಕಳುಹಿಸಲು ಅದಕ್ಕೆ ಸರಿಯಾಗಿ 1 ಮಿಲಿಸೆಕೆಂಡು ಬೇಕು. ಅಧ್ಯಾಪಕರ ಪಾಠದ ಐದು ಪೊಟ್ಟಣಗಳೂ ಕಂಪನಿಯ ಪಾಠದ ಐದು ಪೊಟ್ಟಣಗಳೂ ಏಕಕಾಲಕ್ಕೆ ಬಂದು ಒಂದು ಬಿಟ್ಟು ಒಂದರಂತೆ ಸಾಲಿನಲ್ಲಿ ನಿಂತುವೆನ್ನೋಣ. ಅಧ್ಯಾಪಕರ ಪೊಟ್ಟಣಗಳು ಕಾಯುವ ವೇಳೆ 0, 2, 4, 6, 8. ಒಟ್ಟು 20 ಮಿಲಿಸೆಕೆಂಡು. ಕಂಪನಿಯವು ಕಾಯುವ ವೇಳೆ 1, 3, 5, 7, 9, ಒಟ್ಟು 25. ಎರಡೂ ಸೇರಿ 45.

ಈಗ ಕಂಪನಿಯು ಹಣ ಕೊಟ್ಟು ತನ್ನ ಐದು ಪೊಟ್ಟಣಗಳನ್ನೂ ಮುಂದಕ್ಕೆ ಹಾಕಿಸಿಕೊಂಡಿತೆನ್ನೋಣ. ಅವು ಕಾಯುವ ವೇಳೆ 0, 1, 2, 3, 4. ಒಟ್ಟು 10 ಮಾತ್ರ. ಆದರೆ ಅಧ್ಯಾಪಕರವು 5, 6, 7, 8, 9 ಮಿಲಿಸೆಕೆಂಡು ಕಾಯಬೇಕು, ಒಟ್ಟು 35. ಎರಡನ್ನೂ ಕೂಡಿಸಿ ನೋಡಿರಿ: ಮತ್ತೆ 45! ಒಬ್ಬರು ಗಳಿಸಿದ 15 ಮಿಲಿಸೆಕೆಂಡು ಇನ್ನೊಬ್ಬರು ಕಳೆದುಕೊಂಡ 15.

ಅಂತರಜಾಲದ ಗಣಿತಕ್ಕೆ ತಳಹದಿ ಹಾಕಿದವರಲ್ಲೊಬ್ಬರಾದ ಲಿಯೊನಾರ್ಡ್ ಕ್ಲೈನ್‌ರಾಕ್ ಅವರು 1965ರಲ್ಲಿ ಇದನ್ನು ಸಾಮಾನ್ಯ ನಿಯಮವಾಗಿ ಸಾಧಿಸಿ ತೋರಿಸಿದರು. ಸಾಲಿನಲ್ಲಿ ಯಾರಾದರೂ ಇರುವವರೆಗೂ ತಂತಿಯು ಸುಮ್ಮನಿರದೆ ದುಡಿಯುತ್ತಿದ್ದರೆ, ಕ್ರಮವನ್ನು ಹೇಗೆಯೇ ಬದಲಿಸಿದರೂ ಒಟ್ಟು ಕಾಯುವಿಕೆ ಬದಲಾಗದು. ಪೊಟ್ಟಣಗಳ ಗಾತ್ರ ಬೇರೆ ಬೇರೆಯಾಗಿದ್ದರೆ ಗಾತ್ರಕ್ಕೆ ತಕ್ಕ ತೂಕ ಕೊಟ್ಟು ಕೂಡಿಸಬೇಕು, ಅಷ್ಟೆ. ಶಕ್ತಿಯ ನಿತ್ಯತ್ವವನ್ನು ಓದಿದ ವಿದ್ಯಾರ್ಥಿಗಳಿಗೆ ಈ ನಿಯಮ ಅಪರಿಚಿತವೆನಿಸದು. ಆದ್ಯತೆಯು ಹೊಸ ದಾರಿಯನ್ನು ನಿರ್ಮಿಸುವುದಿಲ್ಲ. ಇರುವ ಕಾಯುವಿಕೆಯನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ವರ್ಗಾಯಿಸುತ್ತದೆ.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಸಾಲೇ ಇಲ್ಲದ ಕಡೆ ಮುಂದಿನ ಸ್ಥಾನಕ್ಕೆ ಬೆಲೆಯಿಲ್ಲ. ಆದುದರಿಂದ ಮುಂದಿನ ಸ್ಥಾನವನ್ನು ಮಾರುವವನಿಗೆ ಸಾಲು ಇರುವುದೇ ಲಾಭ. ದಾರಿಯನ್ನು ಅಗಲ ಮಾಡುವ ಉತ್ಸಾಹವು ಅವನಲ್ಲಿ ಕುಗ್ಗಬಹುದೆಂಬ ಭಯಕ್ಕೆ ಮೂಲ ಇಲ್ಲಿದೆ.

ಆದರೂ ಎಲ್ಲ ಪೊಟ್ಟಣಗಳೂ ಒಂದೇ ಬಗೆಯವಲ್ಲ. ಪತ್ರವೊಂದು ಅರ್ಧ ಸೆಕೆಂಡು ತಡವಾದರೆ ಯಾರಿಗೂ ತಿಳಿಯದು. ಸಂಭಾಷಣೆಯ ಧ್ವನಿ ಅಷ್ಟು ತಡವಾದರೆ ಮಾತೇ ಕೆಡುವುದು. ಹೀಗೆ ಜಾತಿಯನ್ನು ನೋಡಿ ಧ್ವನಿಯನ್ನೆಲ್ಲ ಮುಂದೆ ಬಿಡುವುದು ಬೇರೆ, ಯಜಮಾನನನ್ನು ನೋಡಿ ಇಂಥವರ ಧ್ವನಿಯನ್ನು ಮಾತ್ರ ಮುಂದೆ ಬಿಡುವುದು ಬೇರೆ. ಮೊದಲನೆಯದು ಜಾಲದ ನಿರ್ವಹಣೆ; ಎರಡನೆಯದು ಪಕ್ಷಪಾತ. ತಟಸ್ಥತೆಯನ್ನು ಬಲ್ಲವರು ವಿರೋಧಿಸುವುದು ಎರಡನೆಯದನ್ನು.

ಅಮೆರಿಕದ ಹಗ್ಗಜಗ್ಗಾಟ

ಸಂದೇಶಗಳಲ್ಲಿ ಭೇದ ಮಾಡಕೂಡದೆಂಬ ವಿಚಾರ ಹೊಸದಲ್ಲ. 1860ರಲ್ಲಿ ಪೆಸಿಫಿಕ್ ಸಾಗರದ ಕಡೆಗೆ ತಂತಿಮಾರ್ಗ ಹಾಕಿಸಲು ಅಮೆರಿಕವು ಮಾಡಿದ ಶಾಸನದಲ್ಲಿಯೇ, ಸರಕಾರದ ಸಂದೇಶಗಳನ್ನು ಬಿಟ್ಟರೆ ಉಳಿದವನ್ನೆಲ್ಲ ಬಂದ ಕ್ರಮದಲ್ಲಿ ಪಕ್ಷಪಾತವಿಲ್ಲದೆ ಕಳುಹಿಸಬೇಕೆಂಬ ವಿಧಿಯಿತ್ತು.

ಅಂತರಜಾಲದಲ್ಲಿ ಈ ವಾದಕ್ಕೆ ಕಾವು ಕೊಟ್ಟುದು 2007ರ ಒಂದು ಸಂಗತಿ. ಕಾಮ್‌ಕಾಸ್ಟ್ ಎಂಬ ದೊಡ್ಡ ಕಂಪನಿಯು ತನ್ನ ಗ್ರಾಹಕರು ಕಡತಗಳನ್ನು ಹಂಚಿಕೊಳ್ಳುವ ಒಂದು ವಿಧಾನಕ್ಕೆ ಗುಟ್ಟಾಗಿ ಅಡ್ಡಿಮಾಡುತ್ತಿದ್ದುದು ಪತ್ರಿಕೆಗಳಿಂದ ಬಯಲಾಯಿತು. ಅಲ್ಲಿಯ ಸಂಪರ್ಕ ಆಯೋಗವು 2008ರಲ್ಲಿ ಅದನ್ನು ತಡೆಯಿತು. ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು ನ್ಯಾಯಾಲಯವು 2010ರಲ್ಲಿ ಆಜ್ಞೆಯನ್ನು ತೊಡೆದುಹಾಕಿತು. ಮುಂದೆ 2015ರ ಫೆಬ್ರುವರಿ 26ರಂದು ಆಯೋಗವು ಟೆಲಿಫೋನಿನ ಕಾಲದ 1934ರ ಶಾಸನವನ್ನೇ ಆಧಾರವಾಗಿಟ್ಟುಕೊಂಡು ಮೂರಕ್ಕೆ ಎರಡು ಮತಗಳಿಂದ ಬಲವಾದ ನಿಯಮ ಮಾಡಿತು: ಯಾವ ತಾಣವನ್ನೂ ತಡೆಯಕೂಡದು, ನಿಧಾನಗೊಳಿಸಕೂಡದು, ಹಣ ಪಡೆದು ಆದ್ಯತೆ ಕೊಡಕೂಡದು. 2017ರ ಡಿಸೆಂಬರ್ 14ರಂದು, ಭಾರತದಿಂದ ವಲಸೆ ಹೋದ ವೈದ್ಯ ದಂಪತಿಗಳ ಮಗನಾದ ಅಜಿತ್ ಪೈ ಅವರ ಅಧ್ಯಕ್ಷತೆಯಲ್ಲಿ, ಅದೇ ಆಯೋಗವು ಅದೇ ಮೂರಕ್ಕೆ ಎರಡು ಮತಗಳಿಂದ ಆ ನಿಯಮವನ್ನು ರದ್ದುಮಾಡಿತು.

ರದ್ದತಿಯ ಪರವಾದ ವಾದಗಳನ್ನು ತಳ್ಳಿಹಾಕುವಂತಿಲ್ಲ. ತಂತಿ ಹಾಕಲು, ಗೋಪುರ ನಿಲ್ಲಿಸಲು ಅಪಾರ ವೆಚ್ಚ ತಗಲುತ್ತದೆ. ದೊಡ್ಡ ಚಲನಚಿತ್ರ ಕಂಪನಿಗಳು ಆ ದಾರಿಯನ್ನು ತುಂಬಿಕೊಂಡು ಲಾಭ ಮಾಡುತ್ತವೆ. ಹಳೆಯ ಕಾಲದ ಶಾಸನದ ಭಾರ ಹೊರಿಸಿದರೆ ಹೊಸ ಬಂಡವಾಳ ಹಿಂಜರಿಯುತ್ತದೆ. ಕಂಪನಿಗಳು ಪರಸ್ಪರ ಸ್ಪರ್ಧಿಸುತ್ತಿದ್ದರೆ ಗ್ರಾಹಕನ ರಕ್ಷಣೆ ತಾನಾಗಿಯೇ ಆಗುತ್ತದೆ—ಇವು ಅವರ ಮಾತುಗಳು. ಇದಕ್ಕೆ ಪ್ರತಿಪಕ್ಷದವರ ಉತ್ತರ: ದಾರಿಯ ಬೆಲೆಯನ್ನು ಗ್ರಾಹಕನು ಈಗಾಗಲೇ ತೆತ್ತಿದ್ದಾನೆ, ಅದೇ ದಾರಿಗೆ ಇನ್ನೊಂದು ತುದಿಯಿಂದಲೂ ಸುಂಕ ಕೇಳಿದರೆ ಅದನ್ನು ಕೊಡಬಲ್ಲವರು ದೊಡ್ಡವರು ಮಾತ್ರ.

ಈ ಚರ್ಚೆಯಲ್ಲಿ ಸಾರ್ವಜನಿಕರು ಆಯೋಗಕ್ಕೆ ಕಳುಹಿಸಿದ ಅಭಿಪ್ರಾಯಗಳು 2 ಕೋಟಿ 20 ಲಕ್ಷದಷ್ಟಿದ್ದುವು. ಅವುಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ಖೊಟ್ಟಿಯೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರ 2021ರ ವರದಿ ಹೇಳುತ್ತದೆ! ರದ್ದತಿಯ ಪರವಾಗಿ ಕಂಪನಿಗಳ ಹಣದಿಂದ ನಡೆದ ಪ್ರಚಾರವು 85 ಲಕ್ಷ ಪತ್ರಗಳನ್ನು ಹುಟ್ಟಿಸಿದರೆ, ರದ್ದತಿಗೆ ವಿರುದ್ಧವಾಗಿ ಒಬ್ಬನೇ ಕಾಲೇಜು ವಿದ್ಯಾರ್ಥಿ ಕಲ್ಪಿತ ಹೆಸರುಗಳಿಂದ 77 ಲಕ್ಷ ಪತ್ರಗಳನ್ನು ಯಂತ್ರದ ಸಹಾಯದಿಂದ ಕಳುಹಿಸಿದ್ದನು. ಸಂಖ್ಯೆಯೇ ಸತ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ರದ್ದತಿಯ ಮೇಲೆ ಜಾಲವು ಕುಸಿದುಬೀಳುವುದೆಂದು ಕೆಲವರು ಹೆದರಿದ್ದರು, ಹಾಗಾಗಲಿಲ್ಲ. ಆದರೆ ಇದರಿಂದ ನಿಯಮ ಅನಾವಶ್ಯಕವೆಂದು ಸಾಧಿಸಿದಂತಾಯಿತೆ? ಕ್ಯಾಲಿಫೋರ್ನಿಯ ರಾಜ್ಯವು 2018ರಲ್ಲಿಯೇ ತನ್ನದೇ ಶಾಸನ ಮಾಡಿತು. ಕೇಂದ್ರದ ನಿಯಮ ಮರಳಿ ಬರಬಹುದೆಂಬ ಎಚ್ಚರವೂ ಕಂಪನಿಗಳಿಗೆ ಇದ್ದೇ ಇತ್ತು. ಪ್ರಯೋಗಶಾಲೆಯಲ್ಲಿ ಒಂದೇ ಅಂಶವನ್ನು ಬದಲಿಸಿ ಉಳಿದುದನ್ನು ಸ್ಥಿರವಾಗಿಡುವಂತೆ ಇಲ್ಲಿ ಮಾಡಲಾಗಲಿಲ್ಲ. 2024ರ ಏಪ್ರಿಲಿನಲ್ಲಿ ಆಯೋಗವು ನಿಯಮವನ್ನು ಪುನಃ ಜಾರಿಗೆ ತರಲೆತ್ನಿಸಿತು; 2025ರ ಜನವರಿ 2ರಂದು ಮೇಲ್ಮನವಿಯ ನ್ಯಾಯಾಲಯವೊಂದು ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು ಅದನ್ನು ತಳ್ಳಿಹಾಕಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ವಾದವು ವೇಗಕ್ಕಿಂತ ಹೆಚ್ಚಾಗಿ ಬೆಲೆಯನ್ನು ಕುರಿತು ನಡೆಯಿತು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಕಂಪನಿಯು ಅಂತರಜಾಲದ ಮೂಲಕ ಮಾತನಾಡುವುದಕ್ಕೆ ಪ್ರತ್ಯೇಕ ದರವನ್ನು ಸಾರಿ, ಜನರ ವಿರೋಧ ಕಂಡು ಹಿಂದೆಗೆಯಿತು. 2015ರ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಎಂದರೆ ಟ್ರಾಯ್ ಸಂಸ್ಥೆಯು, ಈ ವಿಷಯದ ಮೇಲೆ ಸಮಾಲೋಚನಾ ಪತ್ರವನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಹತ್ತು ಲಕ್ಷಕ್ಕೂ ಮಿಕ್ಕಿ ಪತ್ರಗಳು ಹರಿದುಬಂದುವು. ಅದೇ ಏಪ್ರಿಲಿನಲ್ಲಿ ‘ಏರ್‌ಟೆಲ್ ಝೀರೋ’ ಎಂಬ ಯೋಜನೆ ಹೊರಟಿತು: ಹಣ ಕೊಟ್ಟ ಕಂಪನಿಗಳ ತಾಣಗಳು ಗ್ರಾಹಕರಿಗೆ ಉಚಿತ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು ಅದರಲ್ಲಿ ಸೇರಲು ಮಾತುಕತೆ ನಡೆಸಿದ್ದು, ಏಪ್ರಿಲ್ 14ರಂದು ಹಿಂದೆ ಸರಿಯಿತು.

ಇನ್ನೊಂದು ಯೋಜನೆ ಫೇಸ್‌ಬುಕ್ ಕಂಪನಿಯದು. 2015ರ ಫೆಬ್ರುವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಶನ್ಸ್ ಜೊತೆಗೂಡಿ ಆರಂಭವಾದ ಇದು ಮುಂದೆ ‘ಫ್ರೀ ಬೇಸಿಕ್ಸ್’ ಎಂದು ಹೆಸರಾಯಿತು. ಆಯ್ದ ಕೆಲವು ತಾಣಗಳು ಬಡವರಿಗೆ ಉಚಿತವಾಗಿ ದೊರೆಯುವುವು. ಉಳಿದುದಕ್ಕೆ ಹಣ ಕೊಡಬೇಕು. ಏನೂ ಇಲ್ಲದವನಿಗೆ ಸ್ವಲ್ಪವಾದರೂ ಸಿಕ್ಕಲಿ ಎಂಬ ಮಾತಿನಲ್ಲಿ ಕರುಣೆಯ ತೂಕವಿದೆ. ಆದರೆ ಆಯ್ಕೆ ಮಾಡುವವರು ಯಾರು? ನಮ್ಮ ವಿದ್ಯಾರ್ಥಿನಿಯ ಮಟ್ಟಿಗೆ ಉಚಿತವಾದ ಪಾಠವೇ ಜಗತ್ತಾಗಿ, ಕಾರವಾರದ ಅಧ್ಯಾಪಕರ ಪಾಠ ಇದ್ದೂ ಇಲ್ಲದಂತಾಗುವುದಿಲ್ಲವೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐ.ಐ.ಟಿ.ಗಳ ಹಲವು ಅಧ್ಯಾಪಕರು ಜಂಟಿ ಹೇಳಿಕೆ ಕೊಟ್ಟು ಯೋಜನೆಯನ್ನು ವಿರೋಧಿಸಿದರು. ಸಹಾಯವೇ ಉದ್ದೇಶವಾದರೆ, ಎಲ್ಲರಿಗೂ ಇಷ್ಟು ಪ್ರಮಾಣದ ಮಾಹಿತಿ ಉಚಿತವೆಂದು ಕೊಟ್ಟು, ಏನನ್ನು ನೋಡಬೇಕೆಂಬುದನ್ನು ಅವರಿಗೇ ಬಿಡಬಹುದಲ್ಲವೆ?

2016ರ ಫೆಬ್ರುವರಿ 8ರಂದು ಟ್ರಾಯ್ ಸಂಸ್ಥೆಯು ತೀರ್ಮಾನ ಕೊಟ್ಟಿತು. ವಿಷಯವನ್ನು ನೋಡಿ ಬೇರೆ ಬೇರೆ ದರ ವಿಧಿಸುವುದು ನಿಷಿದ್ಧ. ತಪ್ಪಿದವರಿಗೆ ದಿನಕ್ಕೆ 50,000 ರೂಪಾಯಿಯಂತೆ ಗರಿಷ್ಠ 50 ಲಕ್ಷ ರೂಪಾಯಿ ದಂಡ. ತುರ್ತು ಸೇವೆಗಳಿಗೆ ಮಾತ್ರ ವಿನಾಯಿತಿ. ವೇಗದಲ್ಲಿಯೂ ತಾರತಮ್ಯ ಕೂಡದೆಂದು ಅದು 2017ರ ನವೆಂಬರಿನಲ್ಲಿ ಮಾಡಿದ ಶಿಫಾರಸನ್ನು ಕೇಂದ್ರ ಸರಕಾರವು 2018ರ ಜುಲೈಯಲ್ಲಿ ಒಪ್ಪಿತು. ಜಾಲದ ಯುಕ್ತ ನಿರ್ವಹಣೆಗೂ, ಕ್ಷಣದ ವಿಳಂಬವೂ ಸಲ್ಲದ ವಿಶೇಷ ಸೇವೆಗಳಿಗೂ ಅದರಲ್ಲಿ ಎಡೆಯಿದೆ. ಅಮೆರಿಕವು ನಿಯಮವನ್ನು ರದ್ದುಮಾಡಿದ ಸುಮಾರಿಗೇ ನಾವು ಅದನ್ನು ಬಿಗಿಗೊಳಿಸಿದುದು ಗಮನಾರ್ಹ.

2016ರ ಸೆಪ್ಟೆಂಬರಿನ ಅನಂತರ ಹೊಸ ಕಂಪನಿಯ ಪೈಪೋಟಿಯಿಂದ ದೇಶದಲ್ಲಿ ಮಾಹಿತಿಯ ದರ ಬಹಳವಾಗಿ ಇಳಿಯಿತು. ಹಾಗಾದರೆ ಸ್ಪರ್ಧೆಯೊಂದೇ ಸಾಲದೆ ಎಂದು ಕೇಳಬಹುದು. ಪಟ್ಟಣದಲ್ಲಿ ಸಾಲಬಹುದು, ಒಂದು ಕಂಪನಿ ಕೆಟ್ಟರೆ ಇನ್ನೊಂದಕ್ಕೆ ಹೋಗಬಹುದು. 2020ರ ಲಾಕ್‌ಡೌನಿನ ದಿನಗಳಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಸಂಕೇತವನ್ನು ಅರಸಿ ಗುಡ್ಡವೇರಿ ಪಾಠ ಕೇಳಿದುದನ್ನು ನಾವು ಬಲ್ಲೆವು. ಒಂದೇ ಗೋಪುರ ಕಾಣುವ ಊರಿನಲ್ಲಿ ಸ್ಪರ್ಧೆಯೆಂಬುದು ಬರಿಯ ಮಾತು. ದೋಣಿ ಒಂದೇ ಇರುವ ಕಡವಿನಲ್ಲಿಯೇ ಅಂಬಿಗನ ನಿಷ್ಪಕ್ಷಪಾತಕ್ಕೆ ಬೆಲೆ ಹೆಚ್ಚು.

ವಾದವು ಇಲ್ಲಿಗೆ ಮುಗಿಯಿತೆನ್ನಲಾಗದು. ಹೆಚ್ಚು ಮಾಹಿತಿ ಹರಿಸುವ ದೊಡ್ಡ ತಾಣಗಳು ಜಾಲದ ವೆಚ್ಚದಲ್ಲಿ ಪಾಲು ಕೊಡಬೇಕೆಂದು ನಮ್ಮ ದೂರಸಂಪರ್ಕ ಕಂಪನಿಗಳು ಕೇಳುತ್ತಲೇ ಬಂದಿವೆ. 5ಜಿ ತಂತ್ರದಲ್ಲಿ ಒಂದೇ ಜಾಲವನ್ನು ಹಲವು ಪದರಗಳಾಗಿ ಸೀಳಿ ಒಂದೊಂದಕ್ಕೆ ಒಂದೊಂದು ವೇಗ ಕೊಡುವುದು ಸಾಧ್ಯ. ಅದು ವಿಶೇಷ ಸೇವೆಯೋ ಮಾರಾಟಕ್ಕಿಟ್ಟ ಆದ್ಯತೆಯೋ ಎಂಬ ಪ್ರಶ್ನೆ ಏಳದಿರದು. ಆಗಲೂ ನಾವು ಹಿಡಿದು ನೋಡಬೇಕಾದ ಅಳತೆಗೋಲು ಅದೇ: ದಾರಿ ಅಗಲವಾಯಿತೆ, ಇಲ್ಲವೆ ಕಾಯುವಿಕೆ ಕೈ ಬದಲಾಯಿತೆ? ಕೈ ಬದಲಾಗಿದ್ದರೆ, ಯಾರ ಕೈಗೆ ಬಂದಿತು?

ಟ್ರಾಯ್ ಸಂಸ್ಥೆಯ ಸಮಾಲೋಚನಾ ಪತ್ರಗಳಿಗೆ ಉತ್ತರ ಬರೆಯುವ ಅವಕಾಶ ಪ್ರತಿಯೊಬ್ಬ ನಾಗರಿಕನಿಗೂ ಉಂಟು. ಮುಂದಿನ ಪತ್ರ ಹೊರಟಾಗ ನಮ್ಮ ತರುಣ ವಾಚಕರು ಅದನ್ನು ಓದಿ, ಮೇಲಿನ ಹತ್ತು ಪೊಟ್ಟಣಗಳ ಲೆಕ್ಕವನ್ನು ತಾವೇ ಇನ್ನೊಮ್ಮೆ ಮಾಡಿನೋಡಿ, ತಮ್ಮ ಹೆಸರಿನಿಂದ ತಮ್ಮ ಮಾತಿನಲ್ಲಿ ಒಂದೇ ಒಂದು ಪತ್ರ ಬರೆಯಲಿ. ಯಂತ್ರವು ಹೆಣೆದ ಎಪ್ಪತ್ತೇಳು ಲಕ್ಷ ಪತ್ರಗಳಿಗಿಂತ ಅದರ ತೂಕ ಹೆಚ್ಚು.