ಅಡವಿನ ಆಸ್ತಿ ಮತ್ತು ಋಣವಸೂಲಿಯ ಶಾಸನ

ಪೀಣ್ಯದ ಸಣ್ಣ ಕಾರ್ಖಾನೆಯ ಒಡೆಯನು ಯಂತ್ರ ಕೊಳ್ಳಲು ಸಾಲವೆತ್ತುವಾಗ ಷೆಡ್ಡನ್ನೋ ವಾಸದ ಮನೆಯನ್ನೋ ಬ್ಯಾಂಕಿಗೆ ಅಡವಿಡುವುದು ವಾಡಿಕೆ. ಕಂತು ನಿಂತರೆ ಆ ಆಸ್ತಿಯ ಗತಿಯೇನು?

ಹಿಂದೆ ಬ್ಯಾಂಕು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕಾಗಿದ್ದಿತು. 1993ರ ಶಾಸನವು ಇಂತಹ ದಾವೆಗಳಿಗಾಗಿಯೇ ಋಣವಸೂಲಿ ನ್ಯಾಯಮಂಡಳಿಗಳನ್ನು ಏರ್ಪಡಿಸಿತು. 2002ರ ಸರ್ಫೇಸಿ ಶಾಸನವಾದರೋ ಕ್ರಮವನ್ನೇ ತಿರುವುಮುರುವಾಗಿಸಿತು: ಮೊದಲು ಸ್ವಾಧೀನ, ಆಮೇಲೆ ವಿಚಾರಣೆ. 90 ದಿನಗಳಿಗೂ ಮೀರಿ ಬಾಕಿ ನಿಂತ ಸಾಲವು ಅನುತ್ಪಾದಕವೆನಿಸುತ್ತದೆ. ಆಗ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಹಣ ಬಾರದಿದ್ದಲ್ಲಿ, ನ್ಯಾಯಾಲಯದ ತೀರ್ಪಿಗೆ ಕಾಯದೆ ಆಸ್ತಿಯನ್ನು ವಶಪಡಿಸಿಕೊಂಡು ಮಾರಬಹುದು. ಇಲ್ಲವೆ ಸಾಲವನ್ನೇ ಆಸ್ತಿ ಪುನರ್ರಚನಾ ಕಂಪನಿಗೆ ವಹಿಸಬಹುದು. ಕೃಷಿಭೂಮಿಗೆ ಇದು ಅನ್ವಯಿಸದು.

ಸಾಲಗಾರನು ನೋಟೀಸಿಗೆ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಕಾರಣಸಹಿತ ಉತ್ತರ ಕೊಡಬೇಕು. ಸ್ವಾಧೀನದ ವಿರುದ್ಧ 45 ದಿನಗಳೊಳಗೆ ನ್ಯಾಯಮಂಡಳಿಯ ಮೊರೆಹೋಗಬಹುದು. ಅದಕ್ಕೆ ಬಾಕಿಯ ಶೇಕಡಾ 75ರಷ್ಟನ್ನು ಠೇವಣಿಯಿಡಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ, ಮಾರ್ಡಿಯಾ ಕೆಮಿಕಲ್ಸ್ ಮೊಕದ್ದಮೆಯಲ್ಲಿ, ರದ್ದುಪಡಿಸಿತು. ಶಾಸನದ ಉಳಿದ ಭಾಗವನ್ನು ಎತ್ತಿಹಿಡಿಯಿತು.

ಕಷ್ಟಕ್ಕೆ ಸಿಲುಕಿದ ಸಣ್ಣ ಉದ್ದಿಮೆಗಳ ಪುನಶ್ಚೇತನಕ್ಕಾಗಿ 2015ರಲ್ಲಿ ಕೇಂದ್ರ ಸರ್ಕಾರವು ಪ್ರತ್ಯೇಕ ಸೂಚನೆ ಹೊರಡಿಸಿತು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಕೆನರಾ ಬ್ಯಾಂಕು ಪ್ರತಿವಾದಿಯಾಗಿದ್ದ ಪ್ರೊ ನಿಟ್ಸ್ ಮೊಕದ್ದಮೆಯಲ್ಲಿ (2024) ಆ ಸೂಚನೆಯನ್ನು ಬ್ಯಾಂಕುಗಳು ಪಾಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆದರೆ ಉದ್ದಿಮೆದಾರನೂ ದಾಖಲೆಗಳೊಡನೆ ಸಕಾಲದಲ್ಲಿ ಅದನ್ನು ಕೇಳಬೇಕೆಂದಿತು.

ಆದುದರಿಂದ ಕಾಲಹರಣದ ಭಾರವು ಬ್ಯಾಂಕಿನ ಹೆಗಲಿನಿಂದ ಸಾಲಗಾರನ ಹೆಗಲಿಗೆ ಜಾರಿದೆ. ಹಿಂದೆ ವಿಳಂಬವೇ ಅವನ ಆಸರೆಯಾಗಿದ್ದಿತು. ಇಂದು ಮೌನವಾಗಿದ್ದರೆ ಮನೆಯೇ ಹೋದೀತು.